ಉಂಡು ಮಲಗುವ ತನಕ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮದುವೆಯ ಚಪ್ಪರದಲ್ಲಿ ಹಿರಿಯರು ಇದನ್ನು ಹೇಳಿ ನಗಿಸುತ್ತಾರೆ. ನೆರೆಮನೆಯ ಗದ್ದಲ ಕಿವಿಗೆ ಬಿದ್ದಾಗ ನಾವೂ ಇದನ್ನೇ ಹೇಳಿಕೊಂಡು ಕಿಟಕಿ ಮುಚ್ಚುತ್ತೇವೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ಈ ಗಾದೆಯನ್ನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಕೆಲವು ವರ್ಷಗಳ ಹಿಂದೆ ಹೀಗೆ ವಿವರಿಸುತ್ತಿದ್ದಾಗ ರಾಮದುರ್ಗದ ಕಡೆಯ ಒಬ್ಬ ಹುಡುಗ ಎದ್ದುನಿಂತು, “ಸರ, ಉಣ್ಣಾಕ ಇಲ್ಲದ ಮನ್ಯಾಗ ಜಗಳ ಎಲ್ಲೀತನಕ ರೀ?” ಎಂದು ಕೇಳಿದ. ತರಗತಿ ನಕ್ಕಿತು. ಅವನು ನಗಲಿಲ್ಲ. ಅವನ ತಂದೆಯ ಮಗ್ಗ ನಿಂತು ಆರು ತಿಂಗಳಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಗಾದೆಯನ್ನು ಕಟ್ಟಿದವರು ಮನೆಯಲ್ಲಿ ಊಟವಿದೆಯೆಂದು ಮೊದಲೇ ಹಿಡಿದುಕೊಂಡಿದ್ದರು. ಆ ಊಟವನ್ನು ತರುವ ಕೆಲಸವೇ ಹೋದರೆ ಜಗಳದ ಗಡಿ ಯಾವುದು? ಕೆಲಸ ಹೋದ ಮನೆಯಲ್ಲಿ ಮದುವೆಯ ಗತಿ ಏನಾಗುತ್ತದೆ? ಇದಕ್ಕೆ ಉತ್ತರವನ್ನು ಇಂದಿನ ಪಟ್ಟಣಗಳಲ್ಲಿ ಹುಡುಕುವುದು ವಾಡಿಕೆ. ನಾನು ಅದನ್ನು ಆ ಹುಡುಗನ ಸೀಮೆಯ ಇತಿಹಾಸದಲ್ಲಿಯೇ ಹುಡುಕಬಯಸುತ್ತೇನೆ.

ಹಳೆಯ ಶಾಸನಗಳಲ್ಲಿ ತೊರಗಲೆ-6000 ಎಂಬ ನಾಡಿನ ಹೆಸರು ಬರುತ್ತದೆ. ಆ ನಾಡಿಗೆ ಹೆಸರು ಕೊಟ್ಟ ತೊರಗಲ್ಲು ಇಂದು ರಾಮದುರ್ಗ ತಾಲೂಕಿನಲ್ಲಿ ಒಂದು ಕೋಟೆ, ಕೆಲವು ಗುಡಿಗಳನ್ನು ಇಟ್ಟುಕೊಂಡು ಸುಮ್ಮನೆ ಕುಳಿತಿರುವ ಊರು. ಆ ಹೆಸರನ್ನು ಕೊಂಚ ಅಗಲಿಸಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೆಲ್ಲ ತೊರಗಲ್ ಸೀಮೆಯೆಂದೇ ಇಲ್ಲಿ ಕರೆಯುತ್ತೇನೆ. ಮಲಪ್ರಭೆಯ ನೀರು ಕುಡಿದ ಈ ಸೀಮೆ ಇನ್ನೂರು ವರ್ಷಗಳಲ್ಲಿ ತನ್ನ ಜನರ ಕೆಲಸ ಹೋದದ್ದನ್ನು ಒಂದಲ್ಲ, ನಾಲ್ಕಾರು ಸಲ ಕಂಡಿದೆ. ಸಿಪಾಯಿಯ ಕೆಲಸ ಹೋಯಿತು, ನೇಕಾರನ ಕೆಲಸ ಹೋಯಿತು, ಸಂಸ್ಥಾನದ ಚಾಕರಿ ಹೋಯಿತು, ಕುಲಕರ್ಣಿಯ ದಫ್ತರ ಹೋಯಿತು.

ಇತಿಹಾಸಕ್ಕಿಂತ ಮೊದಲು ಪುರಾಣದ ಒಂದು ಮಾತು. ಸವದತ್ತಿಯ ಗುಡ್ಡದ ಎಲ್ಲಮ್ಮನ ಕಥೆ ಎಲ್ಲರಿಗೂ ತಿಳಿದದ್ದೇ. ರೇಣುಕೆ ದಿನವೂ ಹೊಳೆಗೆ ಹೋಗಿ ಮರಳಿನಲ್ಲಿ ಕೊಡ ಮಾಡಿ, ಹಾವಿನ ಸಿಂಬೆ ಸುತ್ತಿ, ಜಮದಗ್ನಿಯ ಪೂಜೆಗೆ ನೀರು ತರುತ್ತಿದ್ದಳು. ಒಂದು ದಿನ ಮರಳು ಕೊಡವಾಗಲಿಲ್ಲ. ಪುರಾಣ ಅದಕ್ಕೆ ಮನಸ್ಸಿನ ಚಾಂಚಲ್ಯವನ್ನು ಕಾರಣವಾಗಿ ಹೇಳುತ್ತದೆ. ಆದರೆ ಗಂಡನಿಗೆ ವಿಷಯ ತಿಳಿದದ್ದು ಅವಳ ಬರಿಗೈಯಿಂದ. ಮುಂದಿನದು ಕೊಡಲಿಯ ಕಥೆ. ನಿತ್ಯದ ಕೆಲಸ ಕೈತಪ್ಪಿ ಬರಿಗೈಯಲ್ಲಿ ಮನೆಗೆ ಬಂದವರನ್ನು ಮನೆಯವರು ಹೇಗೆ ಎದುರುಗೊಳ್ಳುತ್ತಾರೆ ಎಂಬ ಪ್ರಶ್ನೆ ಈ ಸೀಮೆಯ ಗುಡ್ಡದ ಮೇಲೆಯೇ ನಿಂತಿದೆಯೆಂದು ನನಗೆ ಅನೇಕ ಸಲ ಅನ್ನಿಸಿದೆ. ಅದಿರಲಿ, ಇತಿಹಾಸಕ್ಕೆ ಬರೋಣ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಬಿದ್ದ. ಡಿಸೆಂಬರಿನಲ್ಲಿ ಕೋಟೆಯೂ ಬಿತ್ತು. ಸೆರೆಯಾದ ಚೆನ್ನಮ್ಮ ರಾಣಿ 1829ರಲ್ಲಿ ಬೈಲಹೊಂಗಲದಲ್ಲಿ ಕೊನೆಯುಸಿರೆಳೆದಳು. ಇಷ್ಟನ್ನು ಶಾಲೆಯ ಮಕ್ಕಳೂ ಬಲ್ಲರು. ಕೋಟೆ ಬಿದ್ದ ಮರುದಿನ ಎಷ್ಟು ಮನೆಗಳಲ್ಲಿ ಯಜಮಾನನ ಕೆಲಸ ಹೋಯಿತೆಂಬುದನ್ನು ಮಾತ್ರ ನಾವು ಯೋಚಿಸುವುದಿಲ್ಲ.

ಕಿತ್ತೂರಿನ ಬಲ ಕೋಟೆಯ ಗೋಡೆಯಲ್ಲಿರಲಿಲ್ಲ, ಹಳ್ಳಿಹಳ್ಳಿಯ ಶೇತಸನದಿಗಳಲ್ಲಿತ್ತು. ಶೇತವೆಂದರೆ ಹೊಲ, ಸನದು ಎಂದರೆ ಹಕ್ಕಿನ ಪತ್ರ. ಸಂಬಳದ ಬದಲಿಗೆ ಹೊಲ ಪಡೆದು, ಶಾಂತಿಯ ಕಾಲದಲ್ಲಿ ಊರ ಕಾವಲು, ಯುದ್ಧ ಬಂದಾಗ ದಂಡಿನ ಚಾಕರಿ ಮಾಡುವವನೇ ಶೇತಸನದಿ. ಸಂಗೊಳ್ಳಿಯ ರಾಯಣ್ಣ ಇಂಥವನೊಬ್ಬ. ಹೊಸ ಸರಕಾರಕ್ಕೆ ಈ ಚಾಕರಿ ಹಳೆಯ ರೀತಿಯಲ್ಲಿ ಬೇಕಿರಲಿಲ್ಲ. ಚಾಕರಿ ಬೇಡವೆಂದ ಮೇಲೆ ಅದಕ್ಕೆ ಕೊಟ್ಟ ಹೊಲವೇಕೆ? ಕೆಲವರ ಹೊಲ ಹೋಯಿತು, ಕೆಲವರ ಹೊಲದ ಮೇಲೆ ಕರ ಏರಿತು. ರಾಯಣ್ಣನ ಬಂಡಾಯದ ಬೇರು ರಾಣಿಯ ಮೇಲಿನ ನಿಷ್ಠೆಯಲ್ಲಿದ್ದಂತೆಯೇ ಈ ಹೊಲದ ಮಣ್ಣಿನಲ್ಲಿಯೂ ಇತ್ತು. 1831ರ ಜನವರಿಯಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

ಈಗ ಒಂದು ಶೇತಸನದಿಯ ಮನೆಯನ್ನು ಊಹಿಸಿಕೊಳ್ಳಿರಿ. ಚಾಕರಿ ಗಂಡನದು, ಆದರೆ ಹೊಲದ ದುಡಿಮೆ ಇಬ್ಬರದು. ಚಾಕರಿ ಹೋದಾಗ ಗಂಡ ಕತ್ತಿ ಇಳಿಸಿ ಕುಡುಗೋಲು ಹಿಡಿಯಬೇಕಾಯಿತು. ಅದೂ ತನ್ನ ಹೊಲದಲ್ಲಿ ಅಲ್ಲ, ಇನ್ನೊಬ್ಬರ ಹೊಲದಲ್ಲಿ. ಹೆಂಡತಿ ನಿನ್ನೆಯೂ ಕಳೆ ತೆಗೆಯುತ್ತಿದ್ದಳು, ಇಂದೂ ತೆಗೆಯುತ್ತಾಳೆ. ಬಡತನ ಇಬ್ಬರಿಗೂ ಬಂತು. ಮಾನದ ಮೆಟ್ಟಿಲಿನಿಂದ ಇಳಿದವನು ಮಾತ್ರ ಗಂಡ. ‘ಉದ್ಯೋಗಂ ಪುರುಷ ಲಕ್ಷಣಂ’ ಎಂದು ನಮ್ಮವರು ಹೇಳುತ್ತ ಬಂದಿದ್ದಾರಷ್ಟೇ. ಲಕ್ಷಣವೇ ಹೋದವನು ಮನೆಯಲ್ಲಿ ಯಾವ ಮುಖ ಹೊತ್ತು ಕುಳಿತುಕೊಳ್ಳಬೇಕು? ಅಂಥವನಿಗೆ ಬಂಡಾಯವೂ ಒಂದು ಕೆಲಸ. ಹೆಂಡತಿಗಾದರೋ ಅದು ಕಾಯುವ ಕೆಲಸ. ನಂದಗಡದಲ್ಲಿ ರಾಯಣ್ಣನ ಸಮಾಧಿಯ ಬಳಿ ಇಂದಿಗೂ ಹೆಣ್ಣುಮಕ್ಕಳು ಸಂತಾನಕ್ಕಾಗಿ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಆ ಪುಟ್ಟ ತೊಟ್ಟಿಲುಗಳನ್ನು ಕಂಡಾಗ, ದಂಡಿಗೆ ಹೋಗಿ ಹಿಂದಿರುಗದವರ ಬರಿದಾದ ಮನೆಗಳು ನನ್ನ ಕಣ್ಣ ಮುಂದೆ ಬರುತ್ತವೆ.

ನೇಕಾರರ ಮನೆಯ ರೀತಿ ಬೇರೆ. ರಾಮದುರ್ಗ, ಸುರೇಬಾನ, ಬೈಲಹೊಂಗಲಗಳ ಕಡೆ ಕುಣಿಮಗ್ಗ ಎಂದರೆ ಒಬ್ಬನ ಉದ್ಯೋಗವಲ್ಲ, ಒಂದು ಸಂಸಾರದ ಉದ್ಯೋಗ. ಗಂಡ ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುತ್ತಾನೆ. ಹೆಂಡತಿ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಾಳೆ. ಹಾಸು ಹಾಕುವಾಗ, ಗಂಜಿ ಹಚ್ಚುವಾಗ ಮಕ್ಕಳು ಮುದುಕರೆನ್ನದೆ ಎಲ್ಲರ ಕೈಯೂ ಬೇಕು. ಅವಳ ಕೈ ನಿಂತರೆ ಅವನ ಲಾಳಿ ನಿಲ್ಲುತ್ತದೆ. ದಾಂಪತ್ಯಕ್ಕೆ ಹಾಸುಹೊಕ್ಕು ಎಂಬ ಮಾತನ್ನು ಕವಿಗಳು ಉಪಮೆಯಾಗಿ ಬಳಸುತ್ತಾರೆ; ಇಲ್ಲಿ ಅದು ಉಪಮೆಯಲ್ಲ, ಹೊಟ್ಟೆಪಾಡು.

1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಈ ಮನೆಗಳಿಗೆ ಪೆಟ್ಟು ಬಿತ್ತು. ಬರದಲ್ಲಿ ಜನ ಮೊದಲು ಬಿಡುವುದು ಹೊಸ ಬಟ್ಟೆಯನ್ನು. ಆದ್ದರಿಂದ ಒಕ್ಕಲಿಗನ ಕಣಜ ಪೂರ್ತಿ ಬರಿದಾಗುವ ಮೊದಲೇ ನೇಕಾರನ ಮಗ್ಗ ನಿಲ್ಲುತ್ತದೆ. ಸರಕಾರದ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಕೆಲಸವಿತ್ತು. ಅಲ್ಲಿ ಗಂಡಿಗೆ ಇಷ್ಟು, ಹೆಣ್ಣಿಗೆ ಇಷ್ಟು, ಮಗುವಿಗೆ ಇಷ್ಟು ಎಂದು ಬೇರೆ ಬೇರೆ ದರ. ಮನೆಯಲ್ಲಿ ಒಂದಾಗಿದ್ದ ದುಡಿಮೆ ಕಾಮಗಾರಿಯ ಹಾಜರಿ ಪಟ್ಟಿಯಲ್ಲಿ ಮೂರು ಹೋಳಾಯಿತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ಲನ ಸಲಹೆಯಂತೆ ಕೂಲಿಯನ್ನು ಇನ್ನೂ ಇಳಿಸಿದರು. ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಅರ್ಧ ಆಣೆ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಎಪ್ಪತ್ತು ಸಾವಿರಕ್ಕೂ ಮೀರಿ ಇಳಿಯಿತು. ಸತ್ತವರೆಷ್ಟೋ, ಗುಳೆ ಹೋದವರೆಷ್ಟೋ. ನೂಲಿನ ಎಳೆ ಹಿಡಿದು ಮೆತ್ತಗಾದ ಕೈಗೆ ಕಲ್ಲಿನ ಕೆಲಸ ಒಗ್ಗದೆಂಬುದನ್ನು ಸರಕಾರವೂ ತಡವಾಗಿ ಕಲಿಯಿತು. 1880ರ ಬರಗಾಲ ಆಯೋಗದ ತರುವಾಯ ಬಂದ ಬರಗಾಲ ಸಂಹಿತೆಗಳಲ್ಲಿ ನೇಕಾರರಿಗೆ ಅವರದೇ ಕಸುಬಿನಲ್ಲಿ ಕೆಲಸ ಕೊಡುವ ವಿಚಾರ ಸೇರಿತು.

ಇಷ್ಟೆಲ್ಲ ಆದಾಗ ಮದುವೆಗಳು ಮುರಿದವೇ? ಇಲ್ಲಿ ಒಂದು ತಿಳಿವಳಿಕೆ ಅವಶ್ಯ. ಹಿಂದೆ ಮದುವೆ ಮುರಿಯುತ್ತಲೇ ಇರಲಿಲ್ಲವೆಂದು ನಾವು ಪಟ್ಟಣದವರು ನಂಬಿದ್ದೇವೆ. ಈ ನಂಬಿಕೆ ಅರ್ಧ ಸತ್ಯ. 1884ರಲ್ಲಿ ಅಚ್ಚಾದ ಮುಂಬಯಿ ಇಲಾಖೆಯ ಗ್ಯಾಸೆಟಿಯರಿನ ಬೆಳಗಾವಿ ಸಂಪುಟವನ್ನು ತೆರೆದು ನೋಡಿದರೆ, ಒಂದೊಂದೇ ಜಾತಿಯ ವರ್ಣನೆಯಲ್ಲಿ ವಿಧವೆಯ ಮರುಮದುವೆಗೆ ಒಪ್ಪಿಗೆಯುಂಟು, ಬಿಡುಗಡೆಗೆ ಒಪ್ಪಿಗೆಯುಂಟು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನಮ್ಮ ಕಡೆ ‘ಉಡಿಕಿ’ ಎನ್ನುವುದು ಇಂಥ ಮರುಮದುವೆಯನ್ನೇ. ದೈವದವರ ಮುಂದೆ ‘ಸೋಡಚೀಟಿ’ ಬರೆದುಕೊಟ್ಟರೆ ಹಳೆಯ ಸಂಬಂಧ ಮುಗಿಯಿತು. ಹೆಣ್ಣಿಗೆ ಇನ್ನೊಂದು ಮನೆಯ ಬಾಗಿಲು ತೆರೆಯಿತು. ದುಡಿಯದ ಗಂಡ, ನಡೆಸಿಕೊಳ್ಳದ ಗಂಡ ಎಂದರೆ ಹೆಣ್ಣಿನ ತವರಿನವರು ಪಂಚರ ಮುಂದೆ ಕೂಡಲು ಹಿಂಜರಿಯುತ್ತಿರಲಿಲ್ಲ.

ಇನ್ನು ಈ ಬಾಗಿಲೇ ಇಲ್ಲದ ಮೇಲ್ಜಾತಿಗಳ ಮನೆಗಳಲ್ಲಿ ಮದುವೆ ಮುರಿಯಲಿಲ್ಲ ನಿಜ. ಮುರಿಯದ ಮದುವೆಯೆಲ್ಲ ಬಾಳಿದ ಮದುವೆಯಲ್ಲ. ಗಂಡ ಹೇಳದೆ ಕೇಳದೆ ದೇಶಾಂತರ ಹೋದರೂ ಹೆಂಡತಿ ಮುತ್ತೈದೆಯೇ. ತವರಿನ ಅಡಿಗೆಮನೆಯ ಮೂಲೆಯಲ್ಲಿ ಅವಳ ಆಯುಷ್ಯ ತೀರುತ್ತಿತ್ತು. ಹಿಂದೂಗಳ ವಿವಾಹ ವಿಚ್ಛೇದನಕ್ಕೆ ಮುಂಬಯಿ ಪ್ರಾಂತದಲ್ಲಿ ಕಾಯಿದೆ ಬಂದದ್ದು 1947ರಲ್ಲಿ. ಅಂದು ಬೆಳಗಾವಿ ಜಿಲ್ಲೆ ಆ ಪ್ರಾಂತಕ್ಕೆ ಸೇರಿತ್ತು. ಇಡೀ ದೇಶಕ್ಕೆ ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ. ಅದು ರೂಢಿಯ ಬಿಡುಗಡೆಯನ್ನೂ ಉಳಿಸಿಕೊಂಡಿತು. 1976ರ ತಿದ್ದುಪಡಿಯಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನ ಬಂತು. ನೌಕರಿ ಹೋಗುವುದನ್ನು ಕಾಯಿದೆ ಮದುವೆ ಮುರಿಯಲು ಕಾರಣವೆಂದು ಎಲ್ಲಿಯೂ ಎಣಿಸಿಲ್ಲ. ಅಷ್ಟೇ ಅಲ್ಲ, ದಾವೆ ನಡೆಯುವಾಗ ಆದಾಯವಿಲ್ಲದ ಗಂಡನೂ ಹೆಂಡತಿಯಿಂದ ಜೀವನಾಂಶ ಕೇಳಬಹುದೆಂದು 1955ರ ಕಾಯಿದೆಯ 24ನೆಯ ಕಲಮು ಹೇಳುತ್ತದೆ. ಕಾಯಿದೆಯ ಕಣ್ಣಿನಲ್ಲಿ ಉದ್ಯೋಗ ಪುರುಷನೊಬ್ಬನ ಲಕ್ಷಣವಲ್ಲ. ನಮ್ಮ ಮನೆಗಳ ಕಣ್ಣಿನಲ್ಲಿ ಮಾತ್ರ ಇನ್ನೂ ಅದು ಹಾಗೆಯೇ ಉಳಿದಿದೆ.

ಸ್ವಾತಂತ್ರ್ಯ ಬಂದಾಗ ಈ ಸೀಮೆಯಲ್ಲಿ ಇನ್ನೊಂದು ಬಗೆಯ ಕೆಲಸ ಹೋಯಿತು. 1948ರಲ್ಲಿ ಭಾವೆ ಮನೆತನದ ರಾಮದುರ್ಗ ಸಂಸ್ಥಾನ ವಿಲೀನವಾಯಿತು. ಕೊಲ್ಹಾಪುರಕ್ಕೆ ಅಧೀನವಾಗಿದ್ದ ಶಿಂದೆಯವರ ತೊರಗಲ್ಲೂ ಕೊಲ್ಹಾಪುರದೊಡನೆ 1949ರಲ್ಲಿ ಮುಂಬಯಿಗೆ ಸೇರಿತು. ಪ್ರಜೆಗಳಿಗೆ ಅದು ಹಬ್ಬ. ಹಬ್ಬದ ಮನೆಯ ಹಿತ್ತಲಲ್ಲಿ ಚೋಪದಾರ, ಮಾನಕರಿ, ವಾಡೆಯ ಕಾರಕೂನ ಮುಂತಾದವರು ನಿಂತಿದ್ದರು. ದರ್ಬಾರು ಇಲ್ಲದ ಮೇಲೆ ಅವರಿಗೇನು ಕೆಲಸ? 1950ರ ಕಾಯಿದೆಯಿಂದ ಪರಗಣಾ ವತನ, ಕುಲಕರ್ಣಿ ವತನಗಳು ರದ್ದಾದವು. 1961ರ ಕಾಯಿದೆಯಿಂದ ಉಳಿದ ಗ್ರಾಮಾಧಿಕಾರದ ವತನಗಳೂ ಹೋದವು. ವಂಶಪಾರಂಪರ್ಯದ ಅಧಿಕಾರ ಹೋಗಲೇಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುವುದು ಮನೆಯೊಳಗಿನ ಮಾತು.

ಈ ಪುರವಣಿಯ ಓದುಗರಲ್ಲಿ ಅನೇಕರ ಅಜ್ಜಂದಿರು ಅಂಥ ಕುಲಕರ್ಣಿಗಳೇ ಆಗಿರಬಹುದು. ದಫ್ತರದ ರುಮಾಲು ಬಿಚ್ಚಿ ಧಾರವಾಡಕ್ಕೋ ಬೆಳಗಾವಿಗೋ ಬಂದ ಆ ಹಿರಿಯರು ಜಗಲಿಯ ಮೇಲೆ ಕುಳಿತು ‘ನಮ್ಮೂರಾಗ ನಾವು’ ಎಂದು ಮಾತು ಆರಂಭಿಸುತ್ತಿದ್ದುದನ್ನು ಕೇಳಿದವರಿದ್ದೀರಿ. ಒಳಗೆ ಅಜ್ಜಿ ಹಪ್ಪಳ ಒತ್ತಿ, ಕೌದಿ ಹೊಲಿದು, ಮಕ್ಕಳ ಶಾಲೆಯ ಫೀ ಹೊಂದಿಸುತ್ತಿದ್ದಳು. ಆ ಮದುವೆಗಳು ಮುರಿಯಲಿಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿ ವರುಷಗಟ್ಟಲೆ ಮಕ್ಕಳ ಮೂಲಕವೇ ಮಾತಾಡಿದರು. ‘ನಿಮ್ಮಜ್ಜಗ ಹೇಳು, ಊಟಕ್ಕ ಆಗೇದ.’ ಜಗಳ ಉಂಡು ಮಲಗುವ ತನಕ ಎನ್ನುವ ಗಾದೆ ಅಲ್ಲಿ ಸೋತಿತ್ತು. ಊಟವಿತ್ತು, ನಿದ್ದೆಯಿತ್ತು, ಜಗಳ ಮಾತ್ರ ಮೌನವಾಗಿ ಮುಂದುವರಿದಿತ್ತು.

ನಮ್ಮ ಸೀಮೆಯಲ್ಲಿ ಕಾಣುವುದನ್ನು ಹೊರನಾಡಿನ ಶೋಧಕರು ಅಳತೆಕೋಲು ಹಿಡಿದೇ ನೋಡಿದ್ದಾರೆ. ಆಸ್ಟ್ರಿಯಾ ದೇಶದಲ್ಲಿ ವಿಯೆನ್ನಾದ ಸಮೀಪ ಮರೀನ್‌ಥಾಲ್ ಎಂಬ ಹಳ್ಳಿ. ಊರಿಗೆಲ್ಲ ಒಂದೇ ಬಟ್ಟೆ ಗಿರಣಿ. 1929-30ರಲ್ಲಿ ಅದು ಮುಚ್ಚಿತು. 478 ಕುಟುಂಬಗಳ ಆ ಊರಿನಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಮನೆಗಳಿಗೆ ದುಡಿಮೆಯಿಲ್ಲದಾಯಿತು. ಮೇರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ಮೂವರು ಸಂಗಡಿಗರೊಡನೆ ಅಲ್ಲಿಗೆ ಹೋಗಿ ನೋಡಿ, 1933ರಲ್ಲಿ ಪುಸ್ತಕ ಬರೆದರು. ಬೀದಿಯಲ್ಲಿ ಜನರ ನಡಿಗೆಯ ವೇಗವನ್ನೂ ಅವರು ಅಳೆದರು. ಗಂಡಸರು ನಿಧಾನವಾಗಿ, ನಡುನಡುವೆ ನಿಂತು ನಡೆಯುತ್ತಿದ್ದರು. ಹೆಂಗಸರು ಬೇಗ ಬೇಗ ನಡೆಯುತ್ತಿದ್ದರು. ಅವರ ಮನೆಗೆಲಸಕ್ಕೆ ಬೀಗ ಬಿದ್ದಿರಲಿಲ್ಲವಲ್ಲ! ಮದುವೆಗಳ ವಿಷಯದಲ್ಲಿ ಅವರು ಕಂಡದ್ದು ಇದು: ಮೊದಲೇ ಬಿರುಕುಬಿಟ್ಟ ಸಂಸಾರಗಳಲ್ಲಿ ಬಿರುಕು ದೊಡ್ಡದಾಯಿತು; ಚೆನ್ನಾಗಿದ್ದ ಸಂಸಾರಗಳಲ್ಲಿ ಸಣ್ಣಪುಟ್ಟ ಜಗಳ ಹೆಚ್ಚಿತು; ಸುಧಾರಿಸಿದವು ಅಪರೂಪ. ಒಳಗೆ ಅಡಗಿದ್ದುದನ್ನು ಕಷ್ಟ ಹೊರಗೆ ತಂದಿತು.

ಅಮೆರಿಕದಲ್ಲಿ ಮಿರಾ ಕೊಮರೋವ್ಸ್ಕಿ ಎಂಬ ವಿದುಷಿ ಕೆಲಸ ಕಳೆದುಕೊಂಡ ಗಂಡಸರ 59 ಕುಟುಂಬಗಳನ್ನು ಅಭ್ಯಾಸ ಮಾಡಿ 1940ರಲ್ಲಿ ಪ್ರಕಟಿಸಿದ ಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹೆಂಡತಿಯ ಮುಂದೆ ಗಂಡನ ಮಾತು ಬಿದ್ದುಹೋದದ್ದು ಎಲ್ಲ ಮನೆಗಳಲ್ಲಿ ಅಲ್ಲ, ಕೆಲವೇ ಮನೆಗಳಲ್ಲಿ. ಗಂಡನ ಮೇಲಿನ ಗೌರವ ಅವನ ಗಳಿಕೆಯಿಂದಲೋ ಅವನ ಭಯದಿಂದಲೋ ಹುಟ್ಟಿದ್ದಲ್ಲಿ ಅದು ಸಂಬಳದೊಡನೆ ಹೋಯಿತು. ಪ್ರೀತಿಯಿಂದ ಹುಟ್ಟಿದ್ದಲ್ಲಿ ಬಹುಮಟ್ಟಿಗೆ ಉಳಿಯಿತು.

ಇದನ್ನು ಓದಿದಾಗ ನನಗೆ ಆ ವಿದ್ಯಾರ್ಥಿಯ ಮನೆ ನೆನಪಾಯಿತು. ಒಮ್ಮೆ ಅವನೊಡನೆ ಹೋಗಿದ್ದೆ. ನೂಲೂ ಇಲ್ಲದ, ಹಾಸೂ ಇಲ್ಲದ ಮಗ್ಗದ ಕುಣಿಯಲ್ಲಿ ಅವನ ತಂದೆ ಕಾಲಿಳಿಬಿಟ್ಟು ಸುಮ್ಮನೆ ಕುಳಿತಿದ್ದರು. ತಾಯಿ ಚಹಾ ತಂದು ಅಲ್ಲಿಯೇ ಕೊಟ್ಟರು. ನನಗೂ ಅಲ್ಲಿಯೇ, ಅವರ ಎದುರಿಗೆ ಚಾಪೆ ಹಾಸಿದರು. ಹೊರಗೆ ಬಂದಾಗ ನಾನು ಏನೋ ಕೇಳಲು ಹೋದೆ. ಆ ತಾಯಿ, “ಕುಂತಿರ್ಲಿ ಬಿಡ್ರಿ ಸರ. ಮೂವತ್ತು ವರ್ಷ ಕುಂತ ಜಾಗಾ ಐತಿ. ಎಬ್ಬಿಸಿದ್ರ ಎಲ್ಲಿಗೆ ಹೋಗ್ತಾರ?” ಎಂದರು. ಬೆಳಿಗ್ಗೆ ಅವರು ಹೊಲದ ಕೂಲಿಗೆ ಹೋಗಿಬಂದಿದ್ದರು. ಮನೆಯ ಊಟ ಅವರ ದುಡಿಮೆಯಿಂದ ನಡೆದಿತ್ತು. ಗಂಡನ ಜಾಗ ಮಾತ್ರ ಗಂಡನದಾಗಿಯೇ ಉಳಿದಿತ್ತು. ಮುಂದೆ ಅವರು ಅಲ್ಲಿಂದ ತಾವಾಗಿಯೇ ಎದ್ದು, ಬೇರೆ ಕೆಲಸ ಹುಡುಕಿಕೊಂಡರು.

ಎಲ್ಲ ಮನೆಯೂ ಹೀಗಿರುವುದಿಲ್ಲ. ವಿದ್ಯುತ್ ಮಗ್ಗದ ಪೈಪೋಟಿ ಕೈಮಗ್ಗವನ್ನು ಮೂಲೆಗೊತ್ತಿ ಬಹುಕಾಲವಾಯಿತು. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ಉಳಿದ ಮಗ್ಗಗಳೂ ನಿಂತವು; ಗೋವೆ, ಪುಣೆ, ಮುಂಬಯಿಗಳಿಗೆ ದುಡಿಯಲು ಹೋದವರು ಗಂಟುಮೂಟೆ ಹೊತ್ತು ಹಿಂದಿರುಗಿದರು. ಕೈಮಗ್ಗದ ನೇಕಾರರಿಗೆ ಸರಕಾರ 2,000 ರೂಪಾಯಿ ಘೋಷಿಸಿತು. ಆ ಹಣದಿಂದ ಎಷ್ಟು ದಿನದ ಊಟವಾಗುತ್ತದೆಂಬುದನ್ನು ಗೃಹಿಣಿಯರೇ ಲೆಕ್ಕ ಹಾಕಲಿ. ಕೆಲಸವಿಲ್ಲದ ಗಂಡಸು ಸೆರೆಯಂಗಡಿಗೆ ಹೋಗಿ, ಅಲ್ಲಿಂದ ಬಂದು ಹೆಂಡತಿಯ ಮೇಲೆ ಕೈಮಾಡಿದ ಮನೆಗಳನ್ನೂ ನಾನು ಬಲ್ಲೆ. ಅಂಥ ಮನೆಯಿಂದ ಹೊರಬಿದ್ದ ಹೆಣ್ಣಿಗೆ ತಾಳ್ಮೆಯ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಮದುವೆಯ ಸ್ಥಿರತೆ ಎಂದರೆ ಹೆಣ್ಣಿನ ಬೆನ್ನಿನ ಸಹನೆ ಎಂದು ಯಾರೂ ತಿಳಿಯಬಾರದು.

ಹಾಗಾದರೆ ಈ ಇನ್ನೂರು ವರ್ಷಗಳ ಕಥೆಯ ಸಾರವೇನು? ಕೆಲಸ ಹೋಗುವುದು ಮದುವೆಯನ್ನು ಮುರಿಯುವುದಕ್ಕಿಂತ ಹೆಚ್ಚಾಗಿ, ಆ ಮದುವೆ ಯಾವುದರ ಮೇಲೆ ನಿಂತಿತ್ತೆಂಬುದನ್ನು ತೋರಿಸಿಕೊಡುತ್ತದೆ. ಇಬ್ಬರ ದುಡಿಮೆಯ ಮೇಲೆ ನಿಂತ ಮನೆಗೆ ಹಸಿವು ಬಂದಿತು, ಗುಳೆ ಬಂದಿತು. ಆದರೆ ಸೋತವರು ಇಬ್ಬರೂ ಆದ್ದರಿಂದ ಒಬ್ಬರನ್ನೊಬ್ಬರು ಹಂಗಿಸುವ ಪ್ರಸಂಗ ಕಡಿಮೆ. ಒಬ್ಬನ ಪದವಿಯ ಮೇಲೆ ನಿಂತ ಮನೆಯಲ್ಲಿ ಪದವಿ ಹೋದೊಡನೆ ಅವನು ಒಬ್ಬಂಟಿಯಾದ. ಮದುವೆ ಬಿಡುಗಡೆಯಾಗಿಯೋ ಮೌನವಾಗಿಯೋ ಸೀಳಿತು.

ಇದು ನಮ್ಮ ಪಟ್ಟಣದ ಮನೆಗಳಿಗೆ ಎಚ್ಚರಿಕೆಯ ಮಾತಾಗಬೇಕು. ಕನ್ಯೆ ನೋಡುವ ದಿನ ನಾವು ಹುಡುಗನ ಬಗೆಗೆ ಕೇಳುವ ಮೊದಲ ಪ್ರಶ್ನೆ ‘ನೌಕರಿ ಏನು, ಪಗಾರ ಎಷ್ಟು?’ ಎಂಬುದು. ಸರಕಾರಿ ನೌಕರಿಯೆಂದರೆ ಉಳಿದ ಪ್ರಶ್ನೆಗಳೇ ಬೇಡ. ನೌಕರಿಗೆ ಮಗಳನ್ನು ಕೊಟ್ಟಮೇಲೆ, ನೌಕರಿ ಹೋದ ದಿನ ಅಳಿಯನಲ್ಲಿ ಉಳಿಯುವುದೇನೆಂದು ನಾವು ಕೇಳಿಕೊಂಡಿಲ್ಲ. ಹುಡುಗಿಗೆ ಕೆಲಸವಿದ್ದರೆ ಅದನ್ನು ‘ಇರಲಿ, ಹೇಗೂ ಕೈಖರ್ಚಿಗೆ ಆಗುತ್ತದೆ’ ಎನ್ನುತ್ತೇವೆ. ಅದೇ ಮನೆಯ ಎರಡನೆಯ ಕಂಬವೆಂದು ಬಗೆಯುವುದಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಹೆಂಡತಿ ಲಕ್ಕಮ್ಮ ಅದರಿಂದ ದಾಸೋಹ ನಡೆಸುತ್ತಿದ್ದಳು. ಅವನು ಅನುಭವದ ಗೋಷ್ಠಿಯಲ್ಲಿ ಮೈಮರೆತ ದಿನ ಅವಳು ಕಾಯಕವನ್ನು ನೆನಪಿಸಿದಳು. ಬೇಕಾದುದಕ್ಕಿಂತ ಹೆಚ್ಚು ತಂದ ದಿನ ಹಿಂದಕ್ಕೆ ಸುರಿದು ಬರಹೇಳಿದಳು. ಗಂಡ ಎಷ್ಟು ತಂದನೆಂಬುದರಿಂದ ಅವನನ್ನು ಅಳೆಯದ ಹೆಂಡತಿ, ಹೆಂಡತಿಯ ಮಾತಿಗೆ ಸಿಡಿಮಿಡಿಗೊಳ್ಳದ ಗಂಡ. ಶರಣರ ಕಥೆಗಳನ್ನು ಪೂಜಿಸುವುದು ಸುಲಭ. ಸಂಬಳ ಬಾರದ ತಿಂಗಳಲ್ಲಿ ಅವುಗಳಂತೆ ಬಾಳುವುದು ಕಷ್ಟವೆಂದು ನಾನೂ ಬಲ್ಲೆ.

ಆ ಹುಡುಗನ ಪ್ರಶ್ನೆಗೆ ಅಂದು ತರಗತಿಯಲ್ಲಿ ನಾನು ಉತ್ತರ ಹೇಳಲಿಲ್ಲ. ಅವನ ತಾಯಿ ಹೇಳಿದರು, ಮಗ್ಗದ ಕುಣಿಯ ಪಕ್ಕದಲ್ಲಿ ಚಹಾದ ಬಟ್ಟಲನ್ನಿಟ್ಟು.